ಒದ್ದೆ ಬಟ್ಟೆಗಳ ಲೆಕ್ಕ: ಚೊಚ್ಚಲ ಬಾಣಂತಿಗೆ ಎದೆಹಾಲೂಡುವ ಸಮಗ್ರ ಮಾರ್ಗದರ್ಶಿ

ನನಗೆ ಹೆರಿಗೆಯಾದ ಮೂರನೆಯ ದಿನ ಮಗುವನ್ನು ನೋಡಲು ಬಂದವರಲ್ಲಿ ನಾಲ್ವರು ಒಂದೇ ಮಾತು ಹೇಳಿದರು: “ಹಾಲು ಸಾಲುತ್ತಿಲ್ಲವೇನೋ.” ಮಗು ಅಳುತ್ತಿದ್ದದ್ದು ನಿಜ. ನನ್ನ ತೊಟ್ಟುಗಳು ಬಿರಿದಿದ್ದವು, ಹೊಲಿಗೆ ಎಳೆಯುತ್ತಿತ್ತು, ಎರಡು ರಾತ್ರಿ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. ಅಂದು ಸಂಜೆಯೇ ಪುಡಿಹಾಲಿನ ಡಬ್ಬಿ ಮನೆಗೆ ಬಂತು. ಹಾಲು ಸಾಲುತ್ತಿದೆಯೇ ಎಂದು ತಿಳಿಯುವುದು ಹೇಗೆ ಎಂಬುದು ಆ ಕೋಣೆಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಮಗು ನೆನೆಸಿದ ಬಟ್ಟೆಗಳು ಹಿತ್ತಲಿನ ತಂತಿಯ ಮೇಲೆ ಒಣಗುತ್ತಿದ್ದವು. ಅವನ್ನು ಎಣಿಸಿದ್ದರೆ ಸಾಕಿತ್ತು.

ಮಗುವಿಗೆ ಚೀಪುವುದು ಹುಟ್ಟಿನಿಂದಲೇ ಬರುತ್ತದೆ, ತಾಯಿಯ ದೇಹಕ್ಕೆ ಹಾಲು ಮಾಡುವುದು ತಾನಾಗಿ ಬರುತ್ತದೆ. ಆದರೆ ಇವೆರಡೂ ಹೊಂದಿಕೊಳ್ಳಬೇಕಾದರೆ ತಾಯಿಯೂ ಮಗುವೂ ಕಲಿಯಬೇಕು. ಕೆಲವರಿಗೆ ಎರಡು ವಾರ ಸಾಕು, ಕೆಲವರಿಗೆ ಆರು ವಾರ ಹಿಡಿಯುತ್ತದೆ. ನಾನು ವೈದ್ಯೆಯಲ್ಲ, ಎರಡು ಬಾಣಂತನ ಕಂಡವಳು. ಮಕ್ಕಳ ವೈದ್ಯರಿಂದ, ನರ್ಸ್‌ಗಳಿಂದ, ಊರಿನ ಆಶಾ ಕಾರ್ಯಕರ್ತೆಯಿಂದ, ನನ್ನ ತಾಯಿಯಿಂದ ಕಲಿತದ್ದನ್ನು ಮೊದಲ ಸಲ ತಾಯಿಯಾಗುತ್ತಿರುವವರಿಗಾಗಿ ಬರೆಯುತ್ತಿದ್ದೇನೆ.

ಹೆರಿಗೆಗೆ ಮುನ್ನ: ಏಳನೆಯ ತಿಂಗಳಲ್ಲೇ

ಸೀಮಂತದ ಸಡಗರದ ನಡುವೆ ಒಂದು ಸಂಜೆಯನ್ನು ಇದಕ್ಕಾಗಿ ಎತ್ತಿಡಿ. ನಿಮ್ಮ ಬಾಣಂತನ ಮಾಡುವವರು ಅಮ್ಮನೋ, ಅತ್ತೆಯೋ, ಚಿಕ್ಕಮ್ಮನೋ, ಅವರ ಜೊತೆ ಕುಳಿತು ಮಾತನಾಡಿ. ಹುಟ್ಟಿದ ಮಗುವಿನ ಬಾಯಿಗೆ ಮೊದಲು ಏನು ಹಾಕಬೇಕು, ರಾತ್ರಿ ನಿಮ್ಮೊಂದಿಗೆ ಯಾರು ಎದ್ದಿರುತ್ತಾರೆ, ಮೊದಲ ಹದಿನೈದು ದಿನ ನೋಡಲು ಬರುವವರನ್ನು ಯಾರು ನಿಭಾಯಿಸುತ್ತಾರೆ ಎಂಬುದು ಆಗಲೇ ತೀರ್ಮಾನವಾಗಲಿ. ಹೆರಿಗೆಯಾದ ಮೇಲೆ ಇದೇ ಮಾತು ಎತ್ತಿದರೆ ದಣಿದ ಮನೆಯಲ್ಲಿ ಅದು ಜಗಳವಾಗಿಬಿಡುತ್ತದೆ.

ನಿಮ್ಮ ಮೊಲೆತೊಟ್ಟು ಚಪ್ಪಟೆಯಾಗಿದ್ದರೆ ಅಥವಾ ಒಳಕ್ಕೆ ಸೇರಿಕೊಂಡಿದ್ದರೆ ತಪಾಸಣೆಗೆ ಹೋದಾಗ ವೈದ್ಯರಿಗೆ ತೋರಿಸಿ. ಗರ್ಭಿಣಿಯಾಗಿರುವಾಗ ನೀವಾಗಿಯೇ ಎಳೆಯಲು, ತಿಕ್ಕಲು ಹೋಗಬೇಡಿ. ಅದರಿಂದ ಗರ್ಭಕೋಶ ಬಿಗಿಯುವ ಸಂಭವವಿದೆ.

ಕೊಳ್ಳಬೇಕಾದದ್ದು ಹೆಚ್ಚಿಲ್ಲ. ಹಳೆಯ ಪಂಚೆ, ಹತ್ತಿ ಸೀರೆಯ ತುಂಡುಗಳು ಒಂದಿಪ್ಪತ್ತು, ಮುಂದೆ ತೆರೆಯುವ ನೈಟಿಗಳು, ಮಗುವಿಗೆ ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲು, ಅಂದರೆ ಒಂದು ಒಳಲೆ. ಒಳಲೆ ಮನೆಯ ಅಟ್ಟದ ಮೇಲೆಯೇ ಇರಬಹುದು, ಹುಡುಕಿ. ಹಾಲಿನ ಬಾಟಲಿಯನ್ನೂ ಪುಡಿಹಾಲನ್ನೂ ಮುಂಚಿತವಾಗಿ ತಂದಿಡಬೇಡಿ. ಕೈಗೆಟಕುವಲ್ಲಿದ್ದರೆ ರಾತ್ರಿ ಎರಡು ಗಂಟೆಗೆ ಅದರ ಮುಚ್ಚಳ ತೆರೆಯದೇ ಇರಲು ದೊಡ್ಡ ಮನೋಬಲ ಬೇಕು. ಶಿಶುಗಳ ಪುಡಿಹಾಲಿಗೆ ಜಾಹೀರಾತು ಕೊಡುವುದನ್ನೂ ತಾಯಂದಿರಿಗೆ ಉಚಿತ ಮಾದರಿ ಹಂಚುವುದನ್ನೂ 1992ರ ಕಾಯ್ದೆ ನಿಷೇಧಿಸಿದೆ. ಯಾರಾದರೂ ಕೈಗಿತ್ತರೆ ಹಿಂದಿರುಗಿಸುವ ಹಕ್ಕು ನಿಮಗಿದೆ.

ಮೊದಲ ಒಂದು ಗಂಟೆ

ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಹಜ ಹೆರಿಗೆಯಾದರೆ ಮಗುವನ್ನು ಒರೆಸಿ, ಬಟ್ಟೆ ಸುತ್ತದೆ, ನಿಮ್ಮ ಬರಿಯ ಎದೆಯ ಮೇಲೆ ಮಲಗಿಸಿ, ಮೇಲಿನಿಂದ ಇಬ್ಬರಿಗೂ ಹೊದಿಸುವಂತೆ ಕೇಳಿ. ಆ ಹೊತ್ತಿನಲ್ಲಿ ಮಗು ಚೆನ್ನಾಗಿ ಎಚ್ಚರವಾಗಿರುತ್ತದೆ; ಮೊಲೆಯ ವಾಸನೆ ಹಿಡಿದು ತಾನೇ ತಡಕಾಡುತ್ತದೆ. ಸಿಸೇರಿಯನ್ ಆದವರೂ, ಬೆನ್ನಿಗೆ ಅರಿವಳಿಕೆ ಕೊಟ್ಟಿದ್ದು ನೀವು ಎಚ್ಚರವಾಗಿದ್ದರೆ, ಬೇಗನೆ ಹಾಲೂಡಬಹುದು. ಒಬ್ಬರು ಪಕ್ಕದಲ್ಲಿ ನಿಂತು ಮಗುವನ್ನು ಹಿಡಿದುಕೊಳ್ಳಬೇಕು, ಅಷ್ಟೆ.

ಮೊದಲ ಎರಡು ಮೂರು ದಿನ ಬರುವುದು ಹಳದಿ ಬಣ್ಣದ, ಅಂಟಾದ, ತೀರಾ ಸ್ವಲ್ಪವೇ ಇರುವ ಗಿಣ್ಣುಹಾಲು. ಇದನ್ನು ಕೆಟ್ಟ ಹಾಲು ಎಂದು ಹಿಂಡಿ ಚೆಲ್ಲುವ ಮನೆಗಳು ಈಗಲೂ ಇವೆ. ಹಸು ಈದರೆ ಅದರ ಗಿಣ್ಣಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ಬೀದಿಗೆಲ್ಲ ಹಂಚುವ ನಾವು ನಮ್ಮ ಮಗುವಿನ ಪಾಲಿನ ಗಿಣ್ಣನ್ನು ಚೆಲ್ಲುವುದು ನನಗೆ ತುಂಬ ನೋವಿನ ಸಂಗತಿ. ಸೋಂಕಿನಿಂದ ಕಾಪಾಡುವ ಅಂಶಗಳು ಇದರಲ್ಲಿ ದಟ್ಟವಾಗಿರುತ್ತವೆ, ಮಗುವಿನ ಕಪ್ಪು ಮಲ ಹೊರಬರಲೂ ಇದು ನೆರವಾಗುತ್ತದೆ. ಪ್ರಮಾಣ ಕಡಿಮೆಯೆಂದು ಹೆದರಬೇಡಿ. ಮೊದಲ ದಿನ ಮಗು ಒಂದು ಸಲಕ್ಕೆ ಕುಡಿಯುವುದೇ ಒಂದು ಟೀ ಚಮಚೆಯಷ್ಟು.

ಜೇನುತುಪ್ಪ, ಸಕ್ಕರೆ ನೀರು, ತೇಯ್ದ ಬಜೆ, ಹರಳೆಣ್ಣೆ ಯಾವುದೂ ಬೇಡ. ಜೇನುತುಪ್ಪವಂತೂ ಒಂದು ವರ್ಷ ತುಂಬುವವರೆಗೆ ನಾಲಿಗೆಗೂ ತಾಗಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ಬೆಳೆದು ಸ್ನಾಯುಗಳನ್ನು ಸೋಲಿಸುವ ವಿಷ ಉಂಟುಮಾಡುತ್ತದೆ. ಹುಟ್ಟಿದ ಮಗುವಿನ ಎದೆ ಸ್ವಲ್ಪ ಊದಿ ಹಾಲಿನಂಥ ದ್ರವ ಕಂಡರೆ ಎಣ್ಣೆ ಸವರಿ ಹಿಂಡುವ ರೂಢಿ ಕೆಲವೆಡೆ ಇದೆ. ಅದು ತಾಯಿಯ ಹಾರ್ಮೋನುಗಳ ಪ್ರಭಾವದಿಂದ ಆದದ್ದು, ತಾನೇ ಇಳಿಯುತ್ತದೆ. ಹಿಂಡಿದರೆ ಕೀವು ತುಂಬಿಕೊಳ್ಳಬಹುದು.

ಬಾಯಿ ಹಿಡಿಸುವುದು

ಈ ಬರಹದಲ್ಲಿ ಒಂದೇ ಒಂದು ಭಾಗವನ್ನು ಎರಡು ಸಲ ಓದುವುದಾದರೆ ಇದನ್ನು ಓದಿ. ತೊಟ್ಟು ಬಿರಿಯುವುದು, ಹಾಲು ಕಟ್ಟಿಕೊಳ್ಳುವುದು, ಮಗುವಿನ ತೂಕ ಏರದಿರುವುದು, ಇವುಗಳಲ್ಲಿ ಹೆಚ್ಚಿನವು ಮಗು ಬಾಯಿ ಹಿಡಿದ ರೀತಿ ಸರಿಯಿಲ್ಲದ್ದರಿಂದಲೇ ಆರಂಭವಾಗುತ್ತವೆ.

ಮೊದಲು ನೀವು ನೆಮ್ಮದಿಯಾಗಿ ಕುಳಿತುಕೊಳ್ಳಿ. ಬೆನ್ನಿಗೆ ಗೋಡೆ ಅಥವಾ ದಿಂಬು, ಕಾಲ ಕೆಳಗೆ ಒಂದು ಮಣೆ, ತೊಡೆಯ ಮೇಲೆ ಇನ್ನೊಂದು ದಿಂಬು. ಮಗುವನ್ನು ಎದೆಯ ಎತ್ತರಕ್ಕೆ ತನ್ನಿ. ನೀವು ಮಗುವಿನ ಮೇಲೆ ಬಾಗಿದರೆ ನಾಲ್ಕೇ ದಿನದಲ್ಲಿ ಬೆನ್ನು ಮುರಿದಂತಾಗುತ್ತದೆ. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಬೇಕು. ಅದರ ಕಿವಿ, ಭುಜ, ಸೊಂಟ ಒಂದೇ ನೇರದಲ್ಲಿರಬೇಕು. ಕತ್ತು ತಿರುಗಿಸಿಕೊಂಡು ನೀರು ಕುಡಿಯಲು ನಮಗೂ ಕಷ್ಟ ತಾನೆ?

ಎಡಗಡೆಗೆ ಹಾಕುವುದಾದರೆ ಬಲಗೈಯಿಂದ ಮಗುವಿನ ಬೆನ್ನು ಮತ್ತು ಕತ್ತಿನ ಬುಡವನ್ನು ಹಿಡಿಯಿರಿ. ತಲೆಯ ಹಿಂಭಾಗವನ್ನು ಒತ್ತಬೇಡಿ. ಒತ್ತಿದರೆ ಮಗು ಹಿಂದಕ್ಕೆ ಸೆಟೆಯುತ್ತದೆ. ಎಡಗೈಯಿಂದ ಮೊಲೆಯನ್ನು ಕೆಳಗಿನಿಂದ ಆಧರಿಸಿ, ಹೆಬ್ಬೆರಳು ಮೇಲೆ, ನಾಲ್ಕು ಬೆರಳು ಕೆಳಗೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗದಿಂದ ದೂರ. ಎರಡು ಬೆರಳುಗಳ ನಡುವೆ ಕತ್ತರಿಯಂತೆ ಹಿಡಿಯುವುದು ನಮ್ಮ ಅಜ್ಜಿಯರ ರೂಢಿ, ಆದರೆ ಬೆರಳು ಮಗುವಿನ ಬಾಯಿಗೆ ಅಡ್ಡ ಬರುತ್ತದೆ.

ತೊಟ್ಟು ಮಗುವಿನ ಮೂಗಿನ ನೇರಕ್ಕಿರಲಿ. ಅದರಿಂದ ಮೇಲ್ದುಟಿಯನ್ನು ಮೆಲ್ಲಗೆ ಸವರಿ, ಕಾಯಿರಿ. ಮಗು ಆಕಳಿಸುವಷ್ಟು ಅಗಲವಾಗಿ ಬಾಯಿ ತೆರೆಯುವವರೆಗೂ ಕಾಯಬೇಕು. ನಾನು ಅವಸರ ಮಾಡಿದ್ದು ಇಲ್ಲಿಯೇ. ಬಾಯಿ ತೆರೆದ ಕ್ಷಣ ಮಗುವನ್ನು ಎದೆಗೆ ಸೆಳೆದುಕೊಳ್ಳಿ, ಗಲ್ಲ (ಕೆಳದುಟಿಯ ಕೆಳಗಿನ ಭಾಗ) ಮೊದಲು ತಾಗುವಂತೆ. ತೊಟ್ಟು ಮಾತ್ರವಲ್ಲದೆ ಕಪ್ಪು ಭಾಗದ ಬಹುಪಾಲು, ಅದರಲ್ಲೂ ಕೆಳಗಿನ ಪಾಲು, ಬಾಯೊಳಗೆ ಹೋಗಬೇಕು.

ಸರಿಯಾಗಿದ್ದರೆ ಗಲ್ಲ ಮೊಲೆಗೆ ಒತ್ತಿರುತ್ತದೆ, ಕೆಳದುಟಿ ಹೊರಕ್ಕೆ ಮಡಚಿರುತ್ತದೆ, ಕೆನ್ನೆ ಉಬ್ಬಿರುತ್ತದೆ, ಮೂಗು ಬಿಡುವಾಗಿರುತ್ತದೆ. ಮೊದಲು ಸರಸರನೆ ಚೀಪುತ್ತದೆ. ಕರುವಿನ ಬಾಯಿ ತಾಗಿದರೆ ಹಸು ಸೊರೆಬಿಡುವುದನ್ನು ನೋಡಿದ್ದೀರಲ್ಲ, ಹಾಗೆಯೇ ನಮ್ಮ ಎದೆಯೂ ಒಂದೆರಡು ನಿಮಿಷದಲ್ಲಿ ಹಾಲು ಬಿಡುತ್ತದೆ. ಆಗ ಮಗುವಿನ ಲಯ ಬದಲಾಗುತ್ತದೆ: ನಿಧಾನವಾಗಿ ಎರಡು ಚೀಪು, ಒಂದು ಗುಟುಕು, ಸ್ವಲ್ಪ ಬಿಡುವು. ಆ ಗುಟುಕಿನ ಮೆತ್ತನೆಯ ಸದ್ದನ್ನು ಕೇಳಿಸಿಕೊಳ್ಳಿ. ಲೊಟ್ಟೆ ಹೊಡೆಯುವ ಸದ್ದು ಬರುತ್ತಿದ್ದರೆ, ಕೆನ್ನೆಯಲ್ಲಿ ಗುಳಿ ಬೀಳುತ್ತಿದ್ದರೆ ಹಿಡಿತ ಸರಿಯಿಲ್ಲ.

ಆರಂಭದ ಕೆಲವು ಕ್ಷಣ ಸೆಳೆದಂತಾಗುವುದು ಸಹಜ. ಅರ್ಧ ನಿಮಿಷದ ಮೇಲೂ ಹಲ್ಲು ಕಚ್ಚಿ ತಡೆದುಕೊಳ್ಳುವಷ್ಟು ನೋವಿದ್ದರೆ ತಡೆದುಕೊಳ್ಳಬೇಡಿ. ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಗೆ ತೂರಿಸಿ ಬಿಡಿಸಿ, ಮತ್ತೆ ಹಾಕಿ. ಐದು ಸಲ ಬಿಡಿಸಬೇಕಾದರೂ ಬಿಡಿಸಿ. ಹೊರಬಂದ ತೊಟ್ಟು ದುಂಡಗೆ ಉದ್ದವಾಗಿದ್ದರೆ ಸರಿ. ಒಂದು ಕಡೆ ಚಪ್ಪಟೆಯಾಗಿ ಬಿಳುಚಿದ್ದರೆ ಹಿಡಿತ ಇನ್ನೂ ತಪ್ಪಾಗಿದೆ. ಸಿಸೇರಿಯನ್ ಆದವರಿಗೆ ಮಗುವನ್ನು ಕಂಕುಳಡಿ ಹಿಡಿದು ಅದರ ಕಾಲು ಬೆನ್ನ ಹಿಂದಕ್ಕೆ ಬರುವಂತೆ ಹಾಲೂಡುವುದು ಅಥವಾ ಮಗ್ಗುಲಾಗಿ ಮಲಗಿ ಊಡುವುದು ಹಗುರ, ಗಾಯದ ಮೇಲೆ ಭಾರ ಬೀಳುವುದಿಲ್ಲ.

ಎಣಿಸುವುದು

ತೊಟ್ಟಿಲ ಪಕ್ಕದಲ್ಲಿ ಒಂದು ಕ್ಯಾಲೆಂಡರ್ ಹಾಳೆ, ಒಂದು ಪೆನ್ಸಿಲ್ ಇಡಿ. ಒದ್ದೆಯಾದ ಪ್ರತಿ ಬಟ್ಟೆಗೂ ಒಂದು ಗೆರೆ. ಮೊದಲ ದಿನ ಒಂದು, ಎರಡನೆಯ ದಿನ ಎರಡು, ಮೂರನೆಯ ದಿನ ಮೂರು, ಹೀಗೆ ಏರುತ್ತ ಐದಾರನೆಯ ದಿನದಿಂದ 24 ಗಂಟೆಯಲ್ಲಿ ಆರು ಅಥವಾ ಹೆಚ್ಚು ಸಲ ಮೂತ್ರ ಮಾಡಿದರೆ ಒಳಗೆ ಹಾಲು ಹೋಗುತ್ತಿದೆ ಎಂದೇ ಅರ್ಥ. ಡೈಪರ್ ಹಾಕಿದರೆ ಈ ಲೆಕ್ಕ ಮಸುಕಾಗುತ್ತದೆ. ಮೊದಲ ಎರಡು ವಾರ ಬಟ್ಟೆಯೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮಲವೂ ಲೆಕ್ಕ ಹೇಳುತ್ತದೆ: ಮೊದಲು ಕಾಡಿಗೆಯಂತೆ ಕಪ್ಪು, ಮೂರನೆಯ ದಿನದ ಹೊತ್ತಿಗೆ ಹಸಿರು, ಐದನೆಯ ದಿನದ ಹೊತ್ತಿಗೆ ಸಾಸಿವೆಯಂತೆ ಹಳದಿ.

ತೂಕ ಮೊದಲ ದಿನಗಳಲ್ಲಿ ಇಳಿಯುತ್ತದೆ. ನೂರಕ್ಕೆ ಏಳರಷ್ಟು ಇಳಿಯುವುದು ಸಾಮಾನ್ಯ. ಹತ್ತನ್ನು ಮುಟ್ಟಿದರೆ ವೈದ್ಯರು ನೋಡಬೇಕು. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರಬೇಕೆಂಬ ನಿಯಮವಿದೆ. ತಾಯಿ ಕಾರ್ಡ್ ಹತ್ತಿರವಿಟ್ಟುಕೊಂಡು ತೂಕ ಬರೆಸಿಕೊಳ್ಳಿ. ಅವರು ಬಾರದಿದ್ದರೆ ಅಂಗನವಾಡಿಯಲ್ಲಿ ತೂಗಿಸಬಹುದು.

ನವಜಾತ ಶಿಶು ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆ. ಗಡಿಯಾರ ನೋಡಬೇಡಿ, ಮಗುವನ್ನು ನೋಡಿ. ಕೈ ಬಾಯಿಗೆ ಒಯ್ಯುವುದು, ತಲೆ ಅತ್ತಿತ್ತ ಹೊರಳಿಸುವುದು, ನಾಲಿಗೆ ಹೊರಹಾಕುವುದು, ಇವೇ ಹಸಿವಿನ ಕರೆ. ಅಳು ಕೊನೆಯ ಕರೆ. ಅಳುವ ಮಗುವಿಗೆ ಬಾಯಿ ಹಿಡಿಸುವುದು ಕಷ್ಟ. ಹುಟ್ಟಿದ ತೂಕ ಮರಳುವವರೆಗೆ ಮೂರು ಗಂಟೆಗಿಂತ ಹೆಚ್ಚು ಮಲಗಿದರೆ ಹೊದಿಕೆ ತೆಗೆದು, ಪಾದ ಸವರಿ ಎಬ್ಬಿಸಿ. ಒಂದು ಕಡೆ ತಾನಾಗಿ ಬಿಡುವವರೆಗೆ ಕುಡಿಸಿ, ತೇಗಿಸಿ, ಆಮೇಲೆ ಇನ್ನೊಂದು ಕಡೆ ಹಾಕಿ.

ಎರಡನೆಯ ರಾತ್ರಿ ಹೆಚ್ಚಿನ ಮಕ್ಕಳು ಎದೆ ಬಿಟ್ಟಿರುವುದೇ ಇಲ್ಲ. ಆಮೇಲೂ ಸಂಜೆಯ ಹೊತ್ತು ಅರ್ಧ ಗಂಟೆಗೊಮ್ಮೆ ಕೇಳುತ್ತವೆ. ಎರಡು ಮೂರು ವಾರದ ಸುಮಾರಿಗೆ, ಆರನೆಯ ವಾರದ ಸುಮಾರಿಗೆ ಕೆಲವು ದಿನ ಇದು ಇನ್ನೂ ಹೆಚ್ಚುತ್ತದೆ. ಹಾಲು ಕಡಿಮೆಯಾಯಿತು ಎಂಬ ಮಾತು ಹುಟ್ಟುವುದು ಇಂಥ ಸಂಜೆಗಳಲ್ಲಿಯೇ. ಆದರೆ ಹಾಲು ಹೆಚ್ಚುವುದು ಎದೆ ಬರಿದಾದಾಗ. ಕೆರೆಯಂತೆ ತುಂಬಿಟ್ಟುಕೊಳ್ಳುವ ನೀರಲ್ಲ ಇದು, ತೋಡಿದಷ್ಟೂ ಒಸರುವ ಒರತೆ. ನಡುವೆ ಪುಡಿಹಾಲು ಕೊಟ್ಟರೆ ಅಷ್ಟು ಹೊತ್ತು ಎದೆಗೆ ಕರೆ ಬರುವುದಿಲ್ಲ, ಅಷ್ಟು ಹಾಲು ತಯಾರಾಗುವುದೂ ಇಲ್ಲ. ರಾತ್ರಿಯ ಊಡಿಕೆಯನ್ನು ಬಿಡಬೇಡಿ. ಹಾಲು ಮಾಡಿಸುವ ಹಾರ್ಮೋನು ರಾತ್ರಿಯೇ ಹೆಚ್ಚು. ಒಂದೂವರೆ ತಿಂಗಳ ಹೊತ್ತಿಗೆ ಎದೆ ಮೆತ್ತಗಾಗುತ್ತದೆ, ಸೋರುವುದು ನಿಲ್ಲುತ್ತದೆ. ಹಾಲು ಬತ್ತಿದ್ದಲ್ಲ, ಲೆಕ್ಕ ಹೊಂದಿಕೊಂಡದ್ದು.

ತೊಂದರೆ ಬಂದಾಗ

ತೊಟ್ಟು ಬಿರಿದರೆ ಮೊದಲು ಹಿಡಿತ ಸರಿಪಡಿಸಿ; ಮುಲಾಮು ಎರಡನೆಯದು. ಹಾಲೂಡಿದ ಮೇಲೆ ನಿಮ್ಮದೇ ನಾಲ್ಕು ಹನಿ ಹಾಲು ಸವರಿ ಗಾಳಿಗೆ ಒಣಗಲು ಬಿಡಿ. ಸೋಪು ಹಾಕಿ ತೊಳೆಯಬೇಡಿ. ಹಿಡಿತ ಸರಿಯಿದ್ದೂ ಉರಿ ಹೋಗದಿದ್ದರೆ, ಮಗುವಿನ ಬಾಯಲ್ಲಿ ಒರೆಸಿದರೂ ಹೋಗದ ಬಿಳಿ ಪದರ ಕಂಡರೆ ಅದು ಶಿಲೀಂಧ್ರದ ಸೋಂಕಾಗಿರಬಹುದು. ತಾಯಿ ಮಗು ಇಬ್ಬರಿಗೂ ಔಷಧಿ ಬೇಕು.

ಚಪ್ಪಟೆ ತೊಟ್ಟಿಗೆ ನಮ್ಮ ಆಸ್ಪತ್ರೆಗಳಲ್ಲಿ ಸಿರಿಂಜಿನ ಉಪಾಯವೊಂದಿದೆ. 10 ಅಥವಾ 20 ಮಿಲಿಲೀಟರಿನ ಹೊಸ ಸಿರಿಂಜಿನ ಸೂಜಿ ಸಿಕ್ಕಿಸುವ ತುದಿಯನ್ನು ಕತ್ತರಿಸಿ, ಕತ್ತರಿಸಿದ ಕಡೆಯಿಂದ ಒಳದಂಡವನ್ನು ಹಾಕಿ, ನುಣುಪಾದ ಇನ್ನೊಂದು ತುದಿಯನ್ನು ತೊಟ್ಟಿನ ಮೇಲಿಟ್ಟು ದಂಡವನ್ನು ಮೆಲ್ಲಗೆ ಹಿಂದಕ್ಕೆ ಎಳೆಯುವುದು. ಪ್ರತಿ ಸಲ ಊಡುವ ಮುನ್ನ ಅರ್ಧ ನಿಮಿಷದಿಂದ ಒಂದು ನಿಮಿಷ ಮಾಡಿದರೆ ತೊಟ್ಟು ಹೊರಬಂದು ಮಗುವಿಗೆ ಸಿಗುತ್ತದೆ. ಮೊದಲ ಸಲ ನರ್ಸ್‌ ಕೈಯಲ್ಲೇ ಮಾಡಿಸಿಕೊಂಡು ಕಲಿಯಿರಿ. ನೋವಾದರೆ ನಿಲ್ಲಿಸಿ.

ಎರಡರಿಂದ ಐದನೆಯ ದಿನದೊಳಗೆ ಹಾಲು ಇಳಿಯುತ್ತದೆ, ಸಿಸೇರಿಯನ್ ಆದವರಿಗೆ ಒಂದು ದಿನ ತಡವಾಗಬಹುದು. ಆಗ ಎದೆ ಕಲ್ಲಿನಂತೆ ಗಟ್ಟಿಯಾಗಿ, ತೊಟ್ಟೇ ಮಾಯವಾಗಿ, ಮಗುವಿನ ಬಾಯಿ ಜಾರುತ್ತದೆ. ಬೆರಳ ತುದಿಗಳನ್ನು ತೊಟ್ಟಿನ ಬುಡದ ಸುತ್ತ ಇಟ್ಟು ಎದೆಗೂಡಿನ ಕಡೆಗೆ ಒಂದು ನಿಮಿಷ ಮೆಲ್ಲನೆ ಒತ್ತಿ ಹಿಡಿಯಿರಿ. ಊತ ಹಿಂದಕ್ಕೆ ಸರಿದು ಕಪ್ಪು ಭಾಗ ಮೆತ್ತಗಾಗುತ್ತದೆ. ಸ್ವಲ್ಪ ಹಾಲನ್ನು ಕೈಯಿಂದ ಹಿಂಡಿ ತೆಗೆದು ಮಗುವಿಗೆ ಕೊಡಿ. ಊಡಿದ ಮೇಲೆ ತಣ್ಣನೆಯ ಬಟ್ಟೆ ಹಾಕಿ. ಬಿಸಿ ಶಾಖವನ್ನು ಊಡುವ ಮುನ್ನ ಒಂದೆರಡು ನಿಮಿಷಕ್ಕಿಂತ ಹೆಚ್ಚು ಕೊಟ್ಟರೆ ಊತ ಹೆಚ್ಚುತ್ತದೆ.

ಎದೆಯ ಒಂದು ಭಾಗ ಕೆಂಪಾಗಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತ, ಚಳಿಜ್ವರ ಬಂದರೆ ಅದು ಎದೆಬಾವು. ಇಲ್ಲಿ ಎರಡು ತಪ್ಪು ನಡೆಯುತ್ತವೆ. ಒಂದು, ಆ ಕಡೆಯ ಹಾಲು ಕೆಟ್ಟಿದೆಯೆಂದು ಊಡುವುದನ್ನು ನಿಲ್ಲಿಸುವುದು. ಆ ಹಾಲು ಮಗುವಿಗೆ ಸುರಕ್ಷಿತ, ನಿಲ್ಲಿಸಿದರೆ ಬಾವು ಕೀವಾಗುವ ಅಪಾಯವೇ ಹೆಚ್ಚು. ಇನ್ನೊಂದು, ಗಂಟು ಕರಗಲಿ ಎಂದು ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದು. ಒಳಗೆ ಊದಿಕೊಂಡ ಅಂಗಾಂಶಕ್ಕೆ ಅದರಿಂದ ಮತ್ತಷ್ಟು ಪೆಟ್ಟಾಗುತ್ತದೆ. ತಣ್ಣನೆಯ ಪಟ್ಟಿ, ವಿಶ್ರಾಂತಿ, ವೈದ್ಯರು ಹೇಳಿದ ನೋವಿನ ಮಾತ್ರೆ, ಎಂದಿನಂತೆ ಊಡುವುದು. ಒಂದು ದಿನದಲ್ಲಿ ಇಳಿಯದಿದ್ದರೆ, ಜ್ವರ ಏರುತ್ತಿದ್ದರೆ ವೈದ್ಯರ ಬಳಿ ಹೋಗಲೇಬೇಕು. ಹಾಲೂಡುತ್ತಲೇ ತೆಗೆದುಕೊಳ್ಳಬಹುದಾದ ಆ್ಯಂಟಿಬಯೋಟಿಕ್‌ಗಳಿವೆ.

ಮಗುವಿನ ವಿಷಯದಲ್ಲಿ ಕಾಯದೆ ಆಸ್ಪತ್ರೆಗೆ ಒಯ್ಯಬೇಕಾದ ಚಿಹ್ನೆಗಳು: ಎಬ್ಬಿಸಿದರೂ ಕುಡಿಯದಿರುವುದು, ಮೈ ಬಿಸಿಯಾಗಿ 38 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಥವಾ ಮೈ ತಣ್ಣಗಾಗುವುದು, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ಹುಟ್ಟಿದ ಮೊದಲ ದಿನವೇ ಕಾಣುವ ಅಥವಾ ಅಂಗೈ ಅಂಗಾಲಿಗೆ ಇಳಿದ ಕಾಮಾಲೆ, ಮೊದಲ ಕೆಲವು ದಿನಗಳಾದ ಮೇಲೆ ಎಂಟು ಗಂಟೆಯಾದರೂ ಬಟ್ಟೆ ಒದ್ದೆಯಾಗದಿರುವುದು. 108ಕ್ಕೆ ಕರೆ ಮಾಡಿ.

ಬಾಣಂತನದಲ್ಲಿ ಉಳಿಸಿಕೊಳ್ಳಬೇಕಾದದ್ದು, ಬಿಡಬೇಕಾದದ್ದು

ತವರಿನ ಬಾಣಂತನದಂಥ ವ್ಯವಸ್ಥೆ ಹೆತ್ತವಳ ಪಾಲಿಗೆ ಬಹಳ ದೊಡ್ಡದು. ಒಲೆಯ ಮುಂದೆ ನಿಲ್ಲುವಂತಿಲ್ಲ, ಭಾರ ಎತ್ತುವಂತಿಲ್ಲ, ಹೊತ್ತು ಹೊತ್ತಿಗೆ ಬಿಸಿ ಊಟ, ಎಣ್ಣೆ ನೀರು, ಮಲಗು ಎಂದು ಗದರುವ ಅಮ್ಮ. ಅಮ್ಮನ ವೀಸಾ ಆಗದೆ ಹೊರದೇಶದಲ್ಲಿ ಒಬ್ಬಳೇ ಹೆತ್ತ ನನ್ನ ಗೆಳತಿಯೊಬ್ಬಳು ಫೋನಿನಲ್ಲಿ ಅತ್ತದ್ದು ಇದಕ್ಕಾಗಿಯೇ. ಅಂಟಿನ ಉಂಡೆ, ಸಬ್ಬಸಿಗೆ ಪಲ್ಯ, ಮೆಂತ್ಯದ ಗಂಜಿ, ಬೆಳ್ಳುಳ್ಳಿ, ನುಗ್ಗೆಸೊಪ್ಪು ಎಲ್ಲವನ್ನೂ ಸಂತೋಷವಾಗಿ ತಿನ್ನಿ. ಹಾಲು ಹೆಚ್ಚಿಸುವ ಮಂತ್ರ ಅವುಗಳಲ್ಲಿದೆ ಎಂದಲ್ಲ. ಹಾಲೂಡುವ ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಬೇಕು, ಅವು ಒಳ್ಳೆಯ ಆಹಾರ.

ಬಿಡಬೇಕಾದ ಮೊದಲ ರೂಢಿ ನೀರು ಕೊಡದಿರುವುದು. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಬಾಣಂತಿಗೆ ನಂಜಾಗುತ್ತದೆ ಎಂದು ದಿನಕ್ಕೆ ಎರಡು ಲೋಟಕ್ಕೆ ಕಟ್ಟಿಹಾಕುವ ಮನೆಗಳಿವೆ. ಬಾಯಾರಿದಷ್ಟು ಕುಡಿಯಿರಿ, ಊಡಲು ಕುಳಿತಾಗ ಪಕ್ಕದಲ್ಲಿ ಒಂದು ಚೊಂಬು ನೀರಿರಲಿ. ಎರಡನೆಯದು ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ. ಕೂದಲು ಒಣಗಿಸಲು ಸಾಂಬ್ರಾಣಿ ಹಾಕಲೇಬೇಕೆಂದಿದ್ದರೆ ಮಗು ಬೇರೆ ಕೋಣೆಯಲ್ಲಿರಲಿ, ಕಿಟಕಿ ತೆರೆದಿರಲಿ.

ಮೂರನೆಯದರ ಬಗ್ಗೆ ನಮ್ಮಲ್ಲಿ ಇನ್ನೂ ಸಾಕಷ್ಟು ಮಾತು ನಡೆದಿಲ್ಲ. ಬೇಳೆ ತಿಂದರೆ ಮಗುವಿಗೆ ವಾಯು, ಸೊಪ್ಪು ತಿಂದರೆ ಭೇದಿ, ಹಣ್ಣು ಶೀತ ಎಂದು ಎಲ್ಲವನ್ನೂ ತಡೆದು, ತಿಂಗಳುಗಟ್ಟಲೆ ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನ, ಮೆಣಸಿನ ತಿಳಿಸಾರು, ತುಪ್ಪ ಇಷ್ಟನ್ನೇ ಕೊಡುವ ಕಟ್ಟುನಿಟ್ಟಿನ ಪಥ್ಯ ಅದು. ಇಂಥ ಪಥ್ಯದಲ್ಲಿದ್ದ ತಾಯಂದಿರ, ಎದೆಹಾಲನ್ನಷ್ಟೇ ಕುಡಿಯುವ ಕೆಲವೇ ತಿಂಗಳ ಮಕ್ಕಳು ಏದುಸಿರು ಬಿಡುತ್ತ, ಹಾಲು ಕುಡಿಯಲಾಗದೆ, ಹೃದಯದ ಬಲಭಾಗ ಸೋಲುವ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿದ್ದನ್ನು ಕರ್ನಾಟಕದ ಮಕ್ಕಳ ಹೃದ್ರೋಗ ವೈದ್ಯರೇ ದಾಖಲಿಸಿದ್ದಾರೆ. ಕಾರಣ ತಯಾಮಿನ್, ಅಂದರೆ ಬಿ1 ಜೀವಸತ್ವದ ಕೊರತೆ. ತಾಯಿಯ ತಟ್ಟೆಯಲ್ಲಿ ಇಲ್ಲದ್ದು ಹಾಲಿನಲ್ಲೂ ಇರುವುದಿಲ್ಲ. ಹೊತ್ತಿಗೆ ಸರಿಯಾಗಿ ಗುರುತಿಸಿ ತಯಾಮಿನ್ ಚುಚ್ಚುಮದ್ದು ಕೊಟ್ಟರೆ ಮಗು ಬೇಗನೆ ಚೇತರಿಸಿಕೊಳ್ಳುತ್ತದೆ. ಗುರುತಿಸದಿದ್ದರೆ ಜೀವ ಹೋಗಬಹುದು. ಪ್ರೀತಿಯಿಂದ ಮಾಡಿದ ಪಥ್ಯವೇ ಮಗುವಿಗೆ ಮುಳುವಾಗುವುದನ್ನು ನೆನೆದರೆ ನನಗೆ ತಡೆದುಕೊಳ್ಳಲಾಗುವುದಿಲ್ಲ.

ಪರಿಹಾರ ನಮ್ಮ ಅಡುಗೆಮನೆಯಲ್ಲೇ ಇದೆ. ಕುಚ್ಚಲಕ್ಕಿ, ರಾಗಿ, ಜೋಳ, ತೊಗರಿಬೇಳೆ, ಹೆಸರುಕಾಳು, ಕಡಲೆಕಾಯಿ ಎಲ್ಲದರಲ್ಲೂ ಬಿ1 ಇದೆ. ಅಕ್ಕಿಯನ್ನು ಹತ್ತು ಸಲ ತೊಳೆದು ಗಂಜಿ ಬಸಿದು ಚೆಲ್ಲಿದರೆ ಇದ್ದದ್ದೂ ಹೋಗುತ್ತದೆ. ತಪಾಸಣೆಗೆ ಹೋಗುವಾಗ ಬಾಣಂತನ ಮಾಡುವವರನ್ನೂ ಜೊತೆಗೆ ಕರೆದೊಯ್ಯಿರಿ. ಮಗಳ ಬಾಯಿಂದ ಕೇಳಿದರೆ ವಾದವೆನಿಸುವ ಮಾತು ವೈದ್ಯರ ಬಾಯಿಂದ ಕೇಳಿದರೆ ಮನಸ್ಸಿಗೆ ಇಳಿಯುತ್ತದೆ. ನಮ್ಮಮ್ಮ ಬದಲಾದದ್ದು ಹಾಗೆ. ಊಟಕ್ಕೇ ಕೊರತೆಯಿರುವ ಮನೆಯವರು ಅಂಗನವಾಡಿಯಲ್ಲಿ ವಿಚಾರಿಸಿ. ಗರ್ಭಿಣಿಯರಿಗೂ ಬಾಣಂತಿಯರಿಗೂ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆಯನ್ನು ರಾಜ್ಯ ಸರ್ಕಾರ 2017ರಲ್ಲಿ ಆರಂಭಿಸಿತು.

ಮಗುವಿಗೆ ಆರು ತಿಂಗಳವರೆಗೆ ನೀರು ಬೇಡ, ಕಲಬುರಗಿಯ ಬೇಸಿಗೆಯಲ್ಲೂ ಬೇಡ. ಎದೆಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ವೈದ್ಯರು ಬರೆದುಕೊಡುವ ಡಿ ಜೀವಸತ್ವದ ಹನಿಗಳನ್ನು ಮಾತ್ರ ತಪ್ಪಿಸಬೇಡಿ.

ನಿಜವಾಗಿಯೂ ಸಾಲದಿದ್ದಾಗ

ಥೈರಾಯ್ಡ್ ತೊಂದರೆ, ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವ, ಗರ್ಭಕೋಶದಲ್ಲಿ ಉಳಿದ ಮಾಸಿನ ಚೂರು, ಹಿಂದೆ ಆದ ಸ್ತನದ ಶಸ್ತ್ರಚಿಕಿತ್ಸೆ, ಇಂಥ ಕಾರಣಗಳಿಂದ ಕೆಲವರಿಗೆ ಹಾಲು ನಿಜಕ್ಕೂ ಸಾಲುವುದಿಲ್ಲ. ಲೆಕ್ಕದ ಹಾಳೆ ಮತ್ತು ತೂಕ ಎರಡೂ ಅದನ್ನೇ ಹೇಳಿದರೆ ವೈದ್ಯರನ್ನು ಕಾಣಿ, ಅವರು ಹೇಳಿದಷ್ಟು ಮೇಲುಹಾಲು ಕೊಡಿ. ಇದು ನಿಮ್ಮ ತಪ್ಪಲ್ಲ. ಮಗುವನ್ನು ಹಸಿವಿನಲ್ಲಿಟ್ಟು ಹಟ ಸಾಧಿಸುವುದರಲ್ಲಿ ತಾಯ್ತನವಿಲ್ಲ.

ಪ್ರತಿ ಸಲ ಮೊದಲು ಎದೆಗೆ ಹಾಕಿ, ಆಮೇಲೆ ಉಳಿದದ್ದನ್ನು ಒಳಲೆಯಲ್ಲಿ ಕೊಡಿ. ಮಗುವನ್ನು ಅರೆಕುಳಿತ ಭಂಗಿಯಲ್ಲಿ ಹಿಡಿದು, ಒಳಲೆಯ ಮೂತಿಯನ್ನು ತುಟಿಗೆ ತಾಗಿಸಿ, ಅದು ತಾನಾಗಿ ನಾಲಿಗೆ ಚಾಚಿ ಹೀರುವಂತೆ ವಾಲಿಸಿ, ಗಂಟಲಿಗೆ ಸುರಿಯಬೇಡಿ. ಒಳಲೆಯನ್ನು ಪ್ರತಿ ಸಲ ತೊಳೆದು ಕುದಿಸಬೇಕು. ಪುಡಿಹಾಲನ್ನು ಡಬ್ಬಿಯಲ್ಲಿ ಬರೆದಷ್ಟೇ ಕುದಿಸಿದ ನೀರಿಗೆ ಕಲಸಿ, ಉಳಿಸಲೆಂದು ತೆಳ್ಳಗೆ ಮಾಡಬೇಡಿ. ಮಗು ಕುಡಿದು ಬಿಟ್ಟದ್ದನ್ನು ಚೆಲ್ಲಿ.

ಮನಸ್ಸು

ಮೂರನೆಯ ದಿನದ ಸುಮಾರಿಗೆ ಕಾರಣವಿಲ್ಲದೆ ಅಳು ಬರುತ್ತದೆ. ಹಾರ್ಮೋನುಗಳು ಒಮ್ಮೆಲೇ ಇಳಿಯುವುದು, ನಿದ್ದೆಗೇಡು, ನೋವು ಎಲ್ಲ ಸೇರಿದ ಅಳು ಅದು. ಎರಡು ವಾರದೊಳಗೆ ತಿಳಿಯಾಗುತ್ತದೆ. ಎರಡು ವಾರ ಮೀರಿಯೂ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಮಗು ಮಲಗಿದರೂ ನಿಮಗೆ ನಿದ್ದೆ ಬಾರದಿದ್ದರೆ, ನಾನು ಕೆಟ್ಟ ತಾಯಿ ಎಂಬ ಯೋಚನೆ ಬಿಡದಿದ್ದರೆ ಅದು ಖಿನ್ನತೆ, ಅದಕ್ಕೆ ಚಿಕಿತ್ಸೆಯಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ, ಇಲ್ಲದ ದನಿಗಳು ಕೇಳಿಸಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ತಾಯಿಯನ್ನು ಒಬ್ಬಳನ್ನೇ ಬಿಡಬಾರದು.

ಗಂಡಂದಿರಿಗೆ ಒಂದು ಮಾತು. ಹಾಲೂಡುವುದನ್ನು ಬಿಟ್ಟು ಉಳಿದ ಎಲ್ಲವನ್ನೂ ನೀವು ಮಾಡಬಹುದು. ಬಟ್ಟೆ ಬದಲಿಸುವುದು, ತೇಗಿಸುವುದು, ಎದ್ದು ನೀರು ತಂದುಕೊಡುವುದು, “ಸಾಲುತ್ತಿಲ್ಲವೇನೋ” ಎಂದು ಬಂದವರಿಗೆ ಲೆಕ್ಕದ ಹಾಳೆ ತೋರಿಸುವುದು.

ಕೆಲಸಕ್ಕೆ ಮರಳುವಾಗ

ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ಹೆರಿಗೆ ರಜೆಯನ್ನು 2017ರ ತಿದ್ದುಪಡಿ ತಂದಿತು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡುವ ಬಿಡುವು, 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಕೂಡ ಕಾನೂನಿನಲ್ಲಿದೆ. ರಜೆಗೆ ಹೋಗುವ ಮುನ್ನವೇ ಬರವಣಿಗೆಯಲ್ಲಿ ಕೇಳಿ. ಹೊಲದಲ್ಲಿ, ಮನೆಗೆಲಸದಲ್ಲಿ, ದಿನಗೂಲಿಯಲ್ಲಿ ದುಡಿಯುವ ತಾಯಂದಿರಿಗೆ ಈ ಯಾವುದೂ ತಲುಪುತ್ತಿಲ್ಲ. ಅವರಿಗೆ ಉಳಿಯುವುದು ಕೈಯಿಂದ ಹಿಂಡಿಟ್ಟು ಹೋಗುವ ದಾರಿ. ಅದನ್ನು ಎಲ್ಲರೂ ಕಲಿತಿರುವುದು ಒಳ್ಳೆಯದು.

ಕೈ ತೊಳೆದು, ಕುದಿಸಿದ ಸ್ಟೀಲ್ ಬಟ್ಟಲು ಹಿಡಿದು, ಹೆಬ್ಬೆರಳು ತೋರುಬೆರಳನ್ನು ಕಪ್ಪು ಭಾಗದ ಅಂಚಿನಲ್ಲಿ ಎದುರುಬದುರು ಇಡಿ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಕೂಡಿಸಿ, ಬಿಡಿ. ಚರ್ಮದ ಮೇಲೆ ಬೆರಳು ಜಾರಬಾರದು, ತೊಟ್ಟನ್ನು ಹಿಂಡಬಾರದು. ಮೊದಲ ಒಂದೆರಡು ನಿಮಿಷ ಹನಿಯೂ ಬಾರದಿರಬಹುದು, ಆಮೇಲೆ ಚಿಮ್ಮುತ್ತದೆ. ಸುತ್ತಲೂ ಬೆರಳಿನ ಜಾಗ ಬದಲಿಸುತ್ತ ಹೋಗಿ. ಹಿಂಡಿದ ಹಾಲನ್ನು ಮನೆಯ ತಂಪಾದ ಜಾಗದಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನದವರೆಗೆ ಇಡಬಹುದು. ಕರೆಂಟ್ ಹೋಗಿ ಬರುವ ನಮ್ಮ ಊರುಗಳಲ್ಲಿ ಮರುದಿನದೊಳಗೆ ಬಳಸುವುದು ವಾಸಿ. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಬೆಚ್ಚಗೆ ಮಾಡಿ, ಒಲೆಯ ಮೇಲೆ ಕುದಿಸಬೇಡಿ. ಮೇಲೆ ಕೆನೆ ತೇಲಿದ್ದರೆ ಕೆಟ್ಟಿದೆ ಎಂದಲ್ಲ, ಮೆಲ್ಲಗೆ ಅಲುಗಿಸಿದರೆ ಬೆರೆಯುತ್ತದೆ.

ಕೆಲಸಕ್ಕೆ ಹೋಗುವ ಹದಿನೈದು ದಿನ ಮೊದಲೇ ಇದನ್ನು ಅಭ್ಯಾಸ ಮಾಡಿ, ಒಳಲೆಯಿಂದ ಕುಡಿಸುವುದನ್ನು ಅಜ್ಜಿಯೋ ಅಪ್ಪನೋ ಮಾಡಲಿ, ನೀವು ಎದುರಿಗಿರಬೇಡಿ; ತಾಯಿಯ ವಾಸನೆ ಹತ್ತಿರವಿದ್ದರೆ ಮಗು ಒಳಲೆಯನ್ನು ತಳ್ಳುತ್ತದೆ. ಆರು ತಿಂಗಳು ತುಂಬಿದಾಗ ರಾಗಿ ಸರಿಯಿಂದ ಆರಂಭಿಸಿ, ಮೊದಲ ವಾರ ದಿನಕ್ಕೆ ಎರಡು ಮೂರು ಚಮಚೆ. ಎದೆಹಾಲು ಎರಡು ವರ್ಷ ಅಥವಾ ಅದರಾಚೆಗೂ ಮುಂದುವರಿಯಲಿ. ಬೆಳಿಗ್ಗೆ ಹೊರಡುವ ಮುನ್ನ ಒಮ್ಮೆ, ಸಂಜೆ ಬಾಗಿಲು ದಾಟಿ ಕೈಕಾಲು ತೊಳೆದ ಕೂಡಲೇ ಒಮ್ಮೆ, ರಾತ್ರಿ ಅದು ಕೇಳಿದಾಗಲೆಲ್ಲ.